ಎಂಟು ಜನ ಗೆಳೆಯರು ಸೇರಿ ಸಂಸ್ಥೆ ಕಟ್ಟುವುದಾದರೆ: ಟ್ರಸ್ಟೋ, ಸಂಘವೋ, ದುಡ್ಡು ಎಲ್ಲಿಂದ?

ನೀವು ಕೇಳಿದ್ದು ಇಷ್ಟು: ಎಂಟು ಜನ ಗೆಳೆಯರು ಎರಡು ವರ್ಷದಿಂದ ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದೀರಿ. ಈಗ ನೋಂದಣಿ ಮಾಡಿಸಬೇಕು ಅಂತಿದ್ದೀರಿ. ಟ್ರಸ್ಟ್ ಒಳ್ಳೆಯದೋ ಸಂಘವೋ, ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತದೆ, ಹತ್ತು ವರ್ಷ ಉಳಿಯಬೇಕಾದರೆ ಏನು ಮಾಡಬೇಕು, ನಿಮ್ಮಲ್ಲೊಬ್ಬರು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಬಂದರೆ ಸಂಬಳ ಕೊಡಬಹುದೇ.

ತಾಲ್ಲೂಕು ಊರೊಂದರಲ್ಲಿ ಮಕ್ಕಳ ಗ್ರಂಥಾಲಯ ಮತ್ತು ಕಲಿಕಾ ಕೇಂದ್ರ ನಡೆಸುವ ಸಂಘವೊಂದರಲ್ಲಿ ನಾನು ಹದಿನೇಳು ವರ್ಷ ಕೆಲಸ ಮಾಡಿದೆ. ಮೊದಲು ಖಜಾಂಚಿ, ಆಮೇಲೆ ಕಾರ್ಯದರ್ಶಿ. ಸಂಘ ಒಮ್ಮೆ ಮುಚ್ಚುವ ಹಂತಕ್ಕೂ ಬಂದಿತ್ತು. ಅಲ್ಲಿ ಕಲಿತದ್ದನ್ನೇ ಬರೆಯುತ್ತೇನೆ.

ಮೊದಲು ರಚನೆಯ ಮಾತು. ನಮ್ಮ ರಾಜ್ಯದಲ್ಲಿ ನಿಮಗೆ ಮೂರು ದಾರಿಗಳಿವೆ. ಟ್ರಸ್ಟ್ ಎಲ್ಲಕ್ಕಿಂತ ಸುಲಭ. ಇಬ್ಬರು ಮೂವರು ಸೇರಿ ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತು. ಸದಸ್ಯರಿಲ್ಲ, ಚುನಾವಣೆ ಇಲ್ಲ. ಡೀಡ್‌ನಲ್ಲಿ ಬರೆದ ಟ್ರಸ್ಟಿಗಳೇ ಎಲ್ಲ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತದೆ. ಕನಿಷ್ಠ ಏಳು ಜನ ಬೇಕು, ಬೈಲಾ ಅಂದರೆ ಸಂಘದ ನಿಯಮಾವಳಿ ಬೇಕು, ಪ್ರತಿವರ್ಷ ಮಹಾಸಭೆ ನಡೆಸಿ ಲೆಕ್ಕಪತ್ರವನ್ನೂ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಕಲಂನ ಕಂಪನಿ, ಅಂದರೆ ಲಾಭದ ಉದ್ದೇಶವಿಲ್ಲದ ಕಂಪನಿ. ದೊಡ್ಡ ದಾನಿಗಳಿಗೆ ಅದರ ಮೇಲೆ ಭರವಸೆ ಹೆಚ್ಚು, ಆದರೆ ವರ್ಷವರ್ಷ ಸಲ್ಲಿಸಬೇಕಾದ ದಾಖಲೆಗಳಿಗೂ ಸಿ.ಎ. ಶುಲ್ಕಕ್ಕೂ ನಿಮ್ಮ ಗಾತ್ರದ ಗುಂಪಿನ ಅರ್ಧ ದುಡ್ಡು ಹೋಗುತ್ತದೆ. ಈಗಲೇ ಅದು ಬೇಡ.

ನೀವು ಎಂಟು ಜನ ಇದ್ದೀರಿ, ಒಂದೇ ಊರಿನವರು. ಸಂಘ ಮಾಡಿ ಅನ್ನುತ್ತೇನೆ. ಏಳರ ಲೆಕ್ಕ ಬ್ರಿಟಿಷರ 1860ರ ಕಾಯ್ದೆಯಿಂದಲೇ ಬಂದದ್ದು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಶುರು ಮಾಡಿದವರೂ ಏಳು ಜನ ಶಿಕ್ಷಕರೇ, ಸಪ್ತರ್ಷಿಗಳು ಎಂದು ಆ ಕಡೆಯವರು ಈಗಲೂ ಕರೆಯುತ್ತಾರೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು, ಕನ್ನಡ ಸಾಹಿತ್ಯ ಪರಿಷತ್ತು 1915ರದ್ದು. ಸ್ಥಾಪಿಸಿದವರು ಹೋಗಿ ಎಷ್ಟೋ ದಶಕವಾದರೂ ಇವು ನಡೆಯುತ್ತಿವೆ, ಏಕೆಂದರೆ ಹೊಸಬರು ಒಳಗೆ ಬರಲು ಸದಸ್ಯತ್ವ ಎಂಬ ಬಾಗಿಲೊಂದಿತ್ತು. ಆ ಬಾಗಿಲಿನಿಂದ ಜಗಳವೂ ಬರುತ್ತದೆ, ನಿಜ. ಚುನಾವಣೆಯಲ್ಲಿ ಗುಂಪುಗಾರಿಕೆ ಆಗುತ್ತದೆ. ಆದರೂ ಮೂರೇ ಟ್ರಸ್ಟಿಗಳಿದ್ದು, ಒಬ್ಬರು ತೀರಿಕೊಂಡು ಉಳಿದಿಬ್ಬರು ಮಾತು ಬಿಟ್ಟ ಸಂಸ್ಥೆಗಳನ್ನು ನಾನು ಕಂಡಿದ್ದೇನೆ, ಅವುಗಳ ಗತಿ ಇನ್ನೂ ಕಷ್ಟ.

ಸಂಘ ಮಾಡಿದರೆ ಒಂದು ಕೆಲಸ ಮಾತ್ರ ಎಂದೂ ತಪ್ಪಿಸಬೇಡಿ, ವಾರ್ಷಿಕ ನವೀಕರಣ, ಅಂದರೆ ಆ ಲೆಕ್ಕಪತ್ರ ಮತ್ತು ಸಮಿತಿ ಪಟ್ಟಿ ಸಲ್ಲಿಸುವುದು. ನಾವು ತಪ್ಪಿಸಿದೆವು. ಮಕ್ಕಳ ಜೊತೆ ಕೆಲಸ ಮಾಡುವ ಉತ್ಸಾಹದಲ್ಲಿ ನಾಲ್ಕು ವರ್ಷ ಪಟ್ಟಿ ಸಲ್ಲಿಸಲೇ ಇಲ್ಲ. ಐದನೆಯ ವರ್ಷ ನಮ್ಮ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡರು. ಬ್ಯಾಂಕ್ ಖಾತೆಗೆ ಅವರದೂ ನನ್ನದೂ ಜಂಟಿ ಸಹಿ. ಹೊಸ ಅಧ್ಯಕ್ಷರ ಹೆಸರು ಸೇರಿಸಲು ಬ್ಯಾಂಕಿನವರು ನೋಂದಣಾಧಿಕಾರಿಯ ಮೊಹರು ಇರುವ ಸಮಿತಿ ಪಟ್ಟಿ ಕೇಳಿದರು. ಅದು ಎಲ್ಲಿಂದ ತರುವುದು? ನಾಲ್ಕು ವರ್ಷದ ಲೆಕ್ಕ ಆಡಿಟ್ ಮಾಡಿಸಿ, ದಂಡ ಕಟ್ಟಿ, ನಡಾವಳಿ ಪುಸ್ತಕ ಹುಡುಕಿ ತೆಗೆಯುವುದರಲ್ಲಿ ಐದು ತಿಂಗಳು ಕಳೆಯಿತು. ಖಾತೆಯಲ್ಲಿ ದುಡ್ಡಿತ್ತು, ಶಿಕ್ಷಕಿಯರಿಗೆ ಸಂಬಳ ಕೊಡಲಾಗಲಿಲ್ಲ. ಅವರಲ್ಲೊಬ್ಬರು ಕೇಂದ್ರಕ್ಕೆ ಬರುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಆ ಋಣ ನನ್ನ ಮೇಲೆ ಈಗಲೂ ಇದೆ. ಆದ್ದರಿಂದ ಮೂವರ ಸಹಿ ಇಡಿ, ಯಾರಾದರೂ ಇಬ್ಬರದು ಸಾಕು ಎಂದು ಠರಾವು ಮಾಡಿ, ಮಹಾಸಭೆ ಆದ ವಾರವೇ ಕಾಗದ ಸಲ್ಲಿಸಿ.

ಇನ್ನು ಆದಾಯ ತೆರಿಗೆ. ನೋಂದಣಿ ಆದ ಕೂಡಲೇ ಜನ ಹೇಳುವ '12ಎ' ಮತ್ತು '80ಜಿ' ಎರಡಕ್ಕೂ ಅರ್ಜಿ ಹಾಕಿ. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಆದರೆ ಸಿ.ಎ. ಕಚೇರಿಯಲ್ಲೂ ದಾನಿಗಳ ಬಾಯಲ್ಲೂ ಹಳೆಯ ಹೆಸರುಗಳೇ ಇವೆ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ಕೊಡುವವರಿಗೆ. ಆರಂಭದಲ್ಲಿ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಅದನ್ನು ಅವಧಿಯೊಳಗೆ ಕಾಯಂ ಮಾಡಿಸಿಕೊಳ್ಳಬೇಕು. ಆ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ದಾನಿಗೆ 80ಜಿ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೂ ಇಲ್ಲ. ಹಾಗಾಗಿ ರಿಯಾಯಿತಿಯ ಆಸೆ ತೋರಿಸಿ ದೇಣಿಗೆ ಕೇಳುವ ಕಾಲ ಹೆಚ್ಚುಕಡಿಮೆ ಮುಗಿದಿದೆ, ಕೆಲಸ ತೋರಿಸಿಯೇ ಕೇಳಬೇಕು.

ಅನೇಕರು ಇಲ್ಲೊಂದು ತಪ್ಪು ತಿಳಿದಿರುತ್ತಾರೆ. ಲಾಭದ ಉದ್ದೇಶ ಇಲ್ಲದ ಸಂಸ್ಥೆ ಎಂದ ಮೇಲೆ ಮಾರ್ಚ್ 31ಕ್ಕೆ ಪೆಟ್ಟಿಗೆ ಖಾಲಿಯಾಗಿರಬೇಕು ಎಂದುಕೊಂಡು ಫೆಬ್ರವರಿಯಲ್ಲಿ ಬೇಕಿಲ್ಲದ ಕುರ್ಚಿ ಬೀರು ಕೊಳ್ಳುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳಬಾರದು, ಅಷ್ಟೇ. ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಶೇ. 15 ಉಳಿಸಿಕೊಳ್ಳಬಹುದು. ಇನ್ನೂ ಹೆಚ್ಚು ಉಳಿಸಬೇಕಿದ್ದರೆ ಇಂಥ ಕೆಲಸಕ್ಕೆ ಎಂದು ಬರೆದುಕೊಟ್ಟು ಐದು ವರ್ಷದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ದಾನಿ 'ಇದು ಮೂಲಧನಕ್ಕೆ' ಎಂದು ಬರಹದಲ್ಲಿ ಕೊಟ್ಟರೆ ಅದನ್ನು ಪ್ರತ್ಯೇಕ ಠೇವಣಿಯಾಗಿಟ್ಟು ಬಡ್ಡಿಯನ್ನು ಬಳಸಬಹುದು. ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡೆಯುವುದು ಇದೇ ತತ್ವದ ಮೇಲೆ, ಅವರು ಬಿಟ್ಟುಕೊಟ್ಟ ಷೇರುಗಳ ಆದಾಯದಿಂದ. ಅದರ ಅಳತೆಯೇ ಬೇರೆ. ನಮ್ಮ ಮೂಲಧನ ಆರು ಲಕ್ಷ, ಕೂಡಿಡಲು ಒಂಬತ್ತು ವರ್ಷ ಹಿಡಿಯಿತು. ಅದರ ಬಡ್ಡಿ ಕೇಂದ್ರದ ಬಾಡಿಗೆ ಮತ್ತು ಕರೆಂಟ್ ಬಿಲ್ಲಿಗೆ ಸರಿಹೋಗುತ್ತದೆ. ಬಾಡಿಗೆಯ ಚಿಂತೆ ಇಲ್ಲದ ಸಂಸ್ಥೆಗೆ ಎಷ್ಟು ನಿದ್ದೆ ಬರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಈಗ ದುಡ್ಡಿನ ಮಾತು. ಕಾರ್ಯಕ್ರಮಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಕಾರ್ಯಕ್ರಮ ನಡೆಸುವವರ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಪುಸ್ತಕ ಕೊಡಿಸುತ್ತಾರೆ, ಮಕ್ಕಳಿಗೆ ಬ್ಯಾಗ್ ಕೊಡಿಸುತ್ತಾರೆ, ಅದರ ಮೇಲೆ ಹೆಸರು ಅಚ್ಚು ಹಾಕಿಸುತ್ತಾರೆ. ಆ ಪುಸ್ತಕವನ್ನು ಮಗುವಿನ ಕೈಗಿತ್ತು ಪಕ್ಕದಲ್ಲಿ ಕೂತು ಓದಿಸುವ ಅಕ್ಕನಿಗೆ ತಿಂಗಳಿಗೆ ಎಂಟು ಸಾವಿರ ಯಾರು ಕೊಡುತ್ತಾರೆ? ನಿಮ್ಮ ಸಂಸ್ಥೆ ಹತ್ತು ವರ್ಷ ಉಳಿಯುತ್ತದೋ ಇಲ್ಲವೋ ಎಂಬುದು ಈ ಪ್ರಶ್ನೆಗೆ ನೀವು ಕಂಡುಕೊಳ್ಳುವ ಉತ್ತರದ ಮೇಲೆ ನಿಂತಿದೆ.

ನಮಗೆ ಉತ್ತರ ಸಿಕ್ಕಿತು ಎಂದುಕೊಂಡದ್ದು ಕಂಪನಿಯೊಂದರ ಸಿ.ಎಸ್.ಆರ್. ಹಣ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಹಣ ಬಂದಾಗ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಎಂಬ ನಿಯಮ ಜಾರಿಗೆ ಬಂತು. ನಾವು ನಾಲ್ಕು ಜನ ಸಿಬ್ಬಂದಿ ಇದ್ದವರು ಒಂದೇ ವರ್ಷದಲ್ಲಿ ಹತ್ತೊಂಬತ್ತಾದೆವು. ಒಂದು ಕೇಂದ್ರವಿದ್ದದ್ದು ಹನ್ನೊಂದಾಯಿತು. ಮೂರು ವರ್ಷ ಮುಗಿಯುತ್ತಿದ್ದಂತೆ ಆ ಕಂಪನಿ ತನ್ನ ಗಮನವನ್ನು ಬೇರೆ ಕ್ಷೇತ್ರಕ್ಕೆ ತಿರುಗಿಸಿತು. ಅವರು ಮೋಸ ಮಾಡಲಿಲ್ಲ, ಕರಾರಿನಲ್ಲಿ ಮೂರೇ ವರ್ಷ ಇತ್ತು. ಓದಿದ್ದೆವು, ಮನಸ್ಸಿಗೆ ತಂದುಕೊಂಡಿರಲಿಲ್ಲ. ಹದಿನೈದು ಹೆಣ್ಣುಮಕ್ಕಳನ್ನು ಒಂದೇ ತಿಂಗಳಲ್ಲಿ ಮನೆಗೆ ಕಳಿಸಬೇಕಾಯಿತು. ಹಳ್ಳಿಗಳಲ್ಲಿ ಹತ್ತು ಕೇಂದ್ರಗಳಿಗೆ ಬೀಗ ಹಾಕಿದೆವು. ಒಂದು ಊರಿನಲ್ಲಿ ಮಕ್ಕಳು ಬೀಗ ಹಾಕಿದ ಕೋಣೆಯ ಜಗುಲಿಯ ಮೇಲೆ ಎರಡು ವಾರ ಸಂಜೆ ಬಂದು ಕೂರುತ್ತಿದ್ದರಂತೆ.

ಅದಾದ ಮೇಲೆ ಊರಿನವರ ಹತ್ತಿರ ಹೋದೆವು, ಮೊದಲೇ ಹೋಗಬೇಕಾಗಿತ್ತು. ನಮ್ಮಲ್ಲಿ ಓದಿ ಈಗ ದುಡಿಯುತ್ತಿರುವವರು, ನಿವೃತ್ತ ಮೇಷ್ಟ್ರುಗಳು, ಔಷಧಿ ಅಂಗಡಿಯವರು, ಬೆಂಗಳೂರಿಗೆ ಹೋದ ಊರಿನ ಹುಡುಗರು. ತಿಂಗಳಿಗೆ 200 ರೂಪಾಯಿ, ಅಷ್ಟೇ ಕೇಳಿದೆವು. ಎರಡು ವರ್ಷದಲ್ಲಿ 140 ಜನರಾದರು. ತಿಂಗಳಿಗೆ 28,000. ಮೂವರು ಶಿಕ್ಷಕಿಯರ ಸಂಬಳ ಅದರಲ್ಲಿ ಆಗುತ್ತದೆ. ಒಬ್ಬರು ನಿಲ್ಲಿಸಿದರೆ ಸಂಸ್ಥೆ ಅಲುಗಾಡುವುದಿಲ್ಲ, ಹೋಗುವುದು 200 ರೂಪಾಯಿ ಮಾತ್ರ. ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಅವರೆಲ್ಲರಿಗೂ ವಾಟ್ಸಾಪ್‌ನಲ್ಲಿ ಒಂದು ಪುಟದ ಲೆಕ್ಕ ಹೋಗುತ್ತದೆ: ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಮಕ್ಕಳು ಬಂದರು. ಒಮ್ಮೆ ಮೂರು ದಿನ ತಡವಾದಾಗ ತರಕಾರಿ ಅಂಗಡಿಯ ಅಣ್ಣನೊಬ್ಬರು ಫೋನ್ ಮಾಡಿ 'ಲೆಕ್ಕ ಬರಲಿಲ್ಲವಲ್ಲ' ಎಂದು ಕೇಳಿದರು. ಅಷ್ಟು ಸಂತೋಷ ನನಗೆ ದೊಡ್ಡ ಚೆಕ್ ಬಂದ ದಿನವೂ ಆಗಿರಲಿಲ್ಲ.

ಸಿ.ಎಸ್.ಆರ್. ಬೇಡವೇ ಬೇಡ ಎನ್ನುತ್ತಿಲ್ಲ. ಮೂರು ವರ್ಷದ ಅನುಭವ ಇದ್ದು, 12ಎ, 80ಜಿ ಎರಡೂ ಇದ್ದು, ಸಿ.ಎಸ್.ಆರ್.-1 ಎಂಬ ನೋಂದಣಿ ಮಾಡಿಸಿದ ಮೇಲೆ ಕೇಳಿ. ಬಂದ ಹಣವನ್ನು ಒಮ್ಮೆ ಮಾಡಿ ಮುಗಿಯುವ ಕೆಲಸಕ್ಕೆ ಬಳಸಿ, ಕಟ್ಟಡದ ರಿಪೇರಿ, ಪುಸ್ತಕ, ತರಬೇತಿ. ಸರ್ಕಾರದ ಅನುದಾನವೂ ಹಾಗೇ: ಬರುತ್ತದೆ, ಬರುವಾಗ ತಡವಾಗಿ ಬರುತ್ತದೆ. ಒಂದು ಇಲಾಖೆಯಿಂದ ನಮಗೆ ಬಿಲ್ ಪಾಸಾಗಲು ಹನ್ನೊಂದು ತಿಂಗಳು ಹಿಡಿಯಿತು.

ವಿದೇಶಿ ದೇಣಿಗೆಯನ್ನು ಸದ್ಯಕ್ಕೆ ಮರೆತುಬಿಡಿ. ಎಫ್.ಸಿ.ಆರ್.ಎ., ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಗೆ ಮೂರು ವರ್ಷದ ಚಟುವಟಿಕೆ ಮತ್ತು ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ಖರ್ಚು ಮಾಡಿದ ದಾಖಲೆ ಬೇಕು. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, ಹಣ ದೆಹಲಿಯ ಎಸ್.ಬಿ.ಐ. ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದರೆ ಒಂದು ವಿಷಯ ಗೊತ್ತಿರಲಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ನಿಮ್ಮೂರ ಹುಡುಗ ಇನ್ನೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದರೆ, ಅವನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರ ಒ.ಸಿ.ಐ. ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಪ್ರೀತಿಯಿಂದ ಕಳಿಸಿದ ಹಣ ತೊಂದರೆ ತರಬಾರದು, ಮೊದಲೇ ಕೇಳಿ ತಿಳಿದುಕೊಳ್ಳಿ.

ಹತ್ತು ವರ್ಷ ಉಳಿಯುವ ಬಗ್ಗೆ ಇನ್ನೊಂದು ಮಾತಿದೆ, ಅದು ದುಡ್ಡಿನದಲ್ಲ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1968ರಲ್ಲಿ ಶುರುವಾದದ್ದು ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಆ ಕೆಲಸ ಮುಗಿಯಿತು, ಸಂಸ್ಥೆ ಮುಗಿಯಲಿಲ್ಲ. ಎಂಬತ್ತರ ದಶಕದಲ್ಲಿ ಹಳ್ಳಿಗಳ ದೊಡ್ಡ ಸಹಕಾರ ಸಂಘಗಳು ಒಡೆದು ಚಿಕ್ಕ ಚಿಕ್ಕ ಗುಂಪುಗಳಾಗುತ್ತಿದ್ದವು. ಅವರು ಅದನ್ನು ಸೋಲು ಎಂದು ತಿಳಿಯದೆ, ಆ ಚಿಕ್ಕ ಗುಂಪುಗಳಲ್ಲೇ ಜನರ ನಂಬಿಕೆ ಇದೆ ಎಂದು ಗುರುತಿಸಿದರು. 1987ರಲ್ಲಿ ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಕೆಲಸಕ್ಕೆ ಹತ್ತು ಲಕ್ಷ ಕೊಟ್ಟಿತು, 1992ರಲ್ಲಿ ಇಂಥ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲದ ಜೋಡಣೆ ದೇಶದ ಮಟ್ಟದಲ್ಲಿ ಆರಂಭವಾಯಿತು. ಯಳಂದೂರಿನಲ್ಲಿ ಕರುಣಾ ಟ್ರಸ್ಟ್ 1986ರಲ್ಲಿ ಕುಷ್ಠರೋಗದ ಕೆಲಸಕ್ಕೆ ಹುಟ್ಟಿತು. ಅದನ್ನು ಕಟ್ಟಿದ ಡಾ. ಸುದರ್ಶನ್ ಅವರ ತಂಡ ಅಷ್ಟಕ್ಕೇ ನಿಲ್ಲದೆ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ನಿಮ್ಮೂರಿಗೂ ನಾಳೆ ಸಂಜೆ ಪಾಠ ಬೇಡವಾಗಬಹುದು, ಬೇರೇನೋ ಬೇಕಾಗಬಹುದು. ಬೈಲಾದ ಉದ್ದೇಶಗಳಲ್ಲಿ 'ಸಂಜೆ ಪಾಠ' ಎಂದಷ್ಟೇ ಬರೆದರೆ ಆಗ ತಿದ್ದುಪಡಿಗೆ ಓಡಾಡಬೇಕಾಗುತ್ತದೆ. 'ಮಕ್ಕಳ ಮತ್ತು ಯುವಜನರ ಶಿಕ್ಷಣ, ಆರೋಗ್ಯ, ಸಂಸ್ಕೃತಿ' ಎಂದು ಸ್ವಲ್ಪ ಅಗಲವಾಗಿ ಬರೆಯಿರಿ.

ಕೊನೆಯ ಪ್ರಶ್ನೆ, ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಬರಬೇಕೆಂದಿರುವ ಆ ನಿಮ್ಮ ಗೆಳತಿಯದು. ಸಂಬಳ ಕೊಡಬಹುದು. ಮಾಡುವ ಕೆಲಸಕ್ಕೆ ತಕ್ಕ, ನ್ಯಾಯವಾದ ಸಂಬಳಕ್ಕೆ ತೆರಿಗೆ ಕಾನೂನಿನ ಅಡ್ಡಿ ಇಲ್ಲ. ಸಮಿತಿಯಲ್ಲಿದ್ದುಕೊಂಡೇ ಸಂಬಳ ಪಡೆಯುವುದು ಮಾತ್ರ ಬೇಡ, ಆಕೆ ಪದಾಧಿಕಾರಿ ಸ್ಥಾನ ಬಿಟ್ಟು ಸಂಯೋಜಕಿಯಾಗಿ ಬರಲಿ. ಸಂಬಳ ಎಷ್ಟು ಎಂದು ಉಳಿದ ಏಳು ಜನ ಆಕೆಯಿಲ್ಲದ ಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಿರಿ. ಹಾಗೆ ಬರೆದದ್ದನ್ನು ಮಹಾಸಭೆಯಲ್ಲಿ ಓದಿ. 'ಸೇವೆ' ಎಂಬ ಹೆಸರಿನಲ್ಲಿ ಆಕೆಗೆ ಕಡಿಮೆ ಕೊಡಬೇಡಿ, ಮನೆ ನಡೆಸಲಾಗದೆ ಮೂರನೇ ವರ್ಷಕ್ಕೆ ಬಿಟ್ಟುಹೋದ ಒಳ್ಳೆಯವರನ್ನು ನಾನು ಬಹಳ ನೋಡಿದ್ದೇನೆ. ಆಕೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಒಂದು ವರ್ಷದ ಸಂಬಳ ಸಂಘದ ಖಾತೆಯಲ್ಲಿ ಇರಲಿ. ತಿಂಗಳಿಗೆ 15,000 ಎಂದರೆ 1,80,000. ಎಂಟು ಜನ ತಲಾ ಹತ್ತು ಮನೆಗೆ ಹೋಗಿ, ಮನೆಗೆ ತಿಂಗಳಿಗೆ 200ರಂತೆ ಕೇಳಿದರೆ ಒಂದು ವರ್ಷದಲ್ಲಿ ಅಷ್ಟು ಕೂಡಿ ಸ್ವಲ್ಪ ಮಿಗುತ್ತದೆ. ಈ ಭಾನುವಾರವೇ ಮೊದಲ ಮನೆಗೆ ಹೊರಡಿ, ಹೋಗುವಾಗ ಆ ಮನೆಯ ಮಗುವಿನ ನೋಟ್‌ಬುಕ್ ಜೊತೆಗಿರಲಿ.