ಫ್ಲಾಪಿಯಲ್ಲಿರುವ ಡಾಸ್ ತಂತ್ರಾಂಶವನ್ನು ವಿಂಡೋಸ್ 11ರಲ್ಲಿ ಓಡಿಸಬಹುದೇ?

ಓಡಿಸಬಹುದು, ಆದರೆ ಫ್ಲಾಪಿಯಿಂದ ನೇರವಾಗಿ ಅಲ್ಲ. ನಿಮ್ಮದು ಮೂರೂವರೆ ಇಂಚಿನ ಐದು ಫ್ಲಾಪಿಗಳಲ್ಲಿರುವ ಡಾಸ್ (ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಂ) ಲೆಕ್ಕಪತ್ರದ ಪ್ರೋಗ್ರಾಂ ಎಂದಿದ್ದೀರಿ. ಹೆಚ್ಚುಕಡಿಮೆ 16 ಬಿಟ್‌ನದೇ ಇರುತ್ತದೆ. 64 ಬಿಟ್ ವಿಂಡೋಸ್ ಅಂಥದ್ದನ್ನು ಓಡಿಸುವುದೇ ಇಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಹಳೆಯ ಪ್ರೋಗ್ರಾಂಗಳಿಗೆಂದು ವಿಂಡೋಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಮೋಡ್ ಬದಲಾಯಿಸುತ್ತಾ ಕೂರಬೇಡಿ.

ಮೊದಲು ಫ್ಲಾಪಿಗಳನ್ನು ಉಳಿಸಿಕೊಳ್ಳಿ, ಅದೇ ಮುಖ್ಯ. ಲೋಹದ ಮುಚ್ಚಳ ಸರಿಸಿ, ಒಳಗಿನ ತಟ್ಟೆಯನ್ನು ನಿಧಾನವಾಗಿ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಬಿಳಿಚಾದ ಚುಕ್ಕೆಗಳಿದ್ದರೆ ಬೂಷ್ಟು. ಅದನ್ನು ಡ್ರೈವ್‌ಗೆ ಹಾಕಿದರೆ ಓದುವ ಹೆಡ್‌ಗೆ ಅಂಟಿ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಅಂಥದ್ದನ್ನು ಬೇರೆ ಇಡಿ. ಉಳಿದವುಗಳ ರೈಟ್ ಪ್ರೊಟೆಕ್ಟ್ ಗುಂಡಿಯನ್ನು ರಂಧ್ರ ತೆರೆದು ಕಾಣುವಂತೆ ಸರಿಸಿ. ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕೇ" ಎಂದು ಕೇಳಿದರೆ ಎಂದಿಗೂ ಒಪ್ಪಬೇಡಿ.

ಯುಎಸ್‌ಬಿ ಫ್ಲಾಪಿ ಡ್ರೈವ್ 1.44 ಎಂಬಿ ಫ್ಲಾಪಿಗಳಿಗೆ ಸಾಕು. ಐದೂಕಾಲು ಇಂಚಿನವು ಅದರೊಳಗೆ ಹೋಗುವುದಿಲ್ಲ. ಫೈಲ್‌ಗಳನ್ನು ಕಾಪಿ ಮಾಡುವ ಬದಲು ಇಡೀ ಡಿಸ್ಕ್‌ನ ಇಮೇಜ್ (ಒಂದೇ ಫೈಲ್‌ನಲ್ಲಿ ಡಿಸ್ಕ್‌ನ ಯಥಾಪ್ರತಿ) ತೆಗೆಯಿರಿ, ಯಾಕೆಂದರೆ ಕೆಲವು ಇನ್‌ಸ್ಟಾಲರ್‌ಗಳು ಡಿಸ್ಕ್‌ನಲ್ಲಿ ದಾಖಲಾದ ಹೆಸರು (ಲೇಬಲ್) ನೋಡಿಯೇ ಮುಂದುವರಿಯುತ್ತವೆ. ನಾನು ಸೂಚಿಸುವುದು ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಓದಲು ಬಾರದ ಸೆಕ್ಟರ್‌ಗಳನ್ನು (ಡಿಸ್ಕ್‌ನ ಚಿಕ್ಕ ಭಾಗಗಳನ್ನು) ಅದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅವನ್ನಷ್ಟೇ ಮತ್ತೆ ಓದಲು ಯತ್ನಿಸುತ್ತದೆ. ಒಂದು ಡ್ರೈವ್‌ನಲ್ಲಿ ಓದದ ಸೆಕ್ಟರ್ ಇನ್ನೊಂದರಲ್ಲಿ ಓದುವುದುಂಟು. ಅದೇ ಮ್ಯಾಪ್ ಫೈಲ್ ಕೊಟ್ಟು ಮುಂದುವರಿಸಿ. ಪೂರ್ತಿ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು.

ಓಡಿಸಲು ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ತಂತ್ರಾಂಶ ಹಾಕಿಕೊಳ್ಳಿ. ಒಂದು ಖಾಲಿ ಫೋಲ್ಡರನ್ನು ಸಿ ಡ್ರೈವ್ ಆಗಿ ಮೌಂಟ್ ಮಾಡಿ, ಐದೂ ಇಮೇಜ್‌ಗಳನ್ನು ಒಂದೇ ಇಮ್ಜ್‌ಮೌಂಟ್ ಕಮಾಂಡಿನಲ್ಲಿ ಎ ಡ್ರೈವ್‌ಗೆ ಕೊಡಿ. ಇನ್‌ಸ್ಟಾಲರ್ ಮುಂದಿನ ಡಿಸ್ಕ್ ಕೇಳಿದಾಗ ಡ್ರೈವ್ ಮೆನುವಿನಿಂದ ಬದಲಿಸಿದರಾಯಿತು.

ಶುರುವಾಗುತ್ತಲೇ "ರನ್‌ಟೈಮ್ ಎರರ್ 200" ಬಂದರೆ ಇಮೇಜ್ ಹಾಳಾಗಿದೆ ಎಂದುಕೊಳ್ಳಬೇಡಿ. ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಆರಂಭದಲ್ಲಿ ಪ್ರೊಸೆಸರ್‌ನ ವೇಗ ಅಳೆಯುತ್ತವೆ. ವೇಗ ಮಿತಿಮೀರಿದರೆ ಆ ಅಳತೆಯ ಭಾಗಾಕಾರ ಕೈಕೊಡುತ್ತದೆ. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ವೇಗ ನಿಗದಿ ಮಾಡುವ ಸೈಕಲ್ಸ್ ಅನ್ನು 3000ಕ್ಕೆ ಇಳಿಸಿ ನೋಡಿ.

ಪ್ರಿಂಟ್ ಬೇಕಿದ್ದರೆ ಡಾಸ್‌ಬಾಕ್ಸ್-ಎಕ್ಸ್‌ನ ಪ್ಯಾರಲಲ್ ಪೋರ್ಟನ್ನು (ಹಳೆಯ ಪ್ರಿಂಟರ್ ಸಂಪರ್ಕವನ್ನು) ಫೈಲ್‌ಗೆ ತಿರುಗಿಸಿ, ವರದಿ ಅಲ್ಲಿ ಬಂದು ಬೀಳುತ್ತದೆ.

ಪ್ರತಿಸಲ ಮೂಲ ಫ್ಲಾಪಿಯೇ ಬೇಕು ಎಂದು ಪ್ರೋಗ್ರಾಂ ಹಟ ಹಿಡಿದರೆ ಅದು ಕಾಪಿ ರಕ್ಷಣೆ. ಬೇಕೆಂದೇ ಕೆಡಿಸಿದ ಸೆಕ್ಟರ್‌ಗಳು ಸಾಮಾನ್ಯ ಇಮೇಜ್‌ನಲ್ಲಿ ಉಳಿಯುವುದಿಲ್ಲ, ಯುಎಸ್‌ಬಿ ಡ್ರೈವ್ ಅವನ್ನು ಕೊಡುವುದೂ ಇಲ್ಲ. ಆಗ 34 ಪಿನ್‌ನ ಹಳೆಯ ಡ್ರೈವ್‌ಗೆ ಗ್ರೀಸ್‌ವೀಸಲ್ ಎಂಬ ಸರ್ಕ್ಯೂಟ್ ಬೋರ್ಡ್ ಜೋಡಿಸಿ ಕಾಂತೀಯ ಸಂಕೇತವನ್ನೇ ದಾಖಲಿಸಿಕೊಳ್ಳಬೇಕು.