ನಂದಿ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ನೋಡುವಂಥದ್ದು ಏನಿದೆ?

ನಸುಕಿನ ನಾಲ್ಕಕ್ಕೇ ಹೆಬ್ಬಾಳ ದಾಟುವ ನಮ್ಮ ಬೆಂಗಳೂರಿನವರು ಮೇಲೆ ಮಂಜು ನೋಡಿ, ಒಂದು ಟೀ ಕುಡಿದು, ತಿಂಡಿ ಹೊತ್ತಿಗೆಲ್ಲ ವಾಪಸ್. ನನ್ನನ್ನು ಕೇಳಿದರೆ ಸೊಗಸೆಲ್ಲ ಇರುವುದು ಕೆಳಗೇ.

1,478 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ಯೋಗನಂದೀಶ್ವರ, ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಮೇಲಿನವನು ವಿರಾಗಿ, ಕೆಳಗಿನವನು ಸಂಸಾರಿ ಅನ್ನಿ! ಕೆಳಗಿನ ಗುಡಿಯಲ್ಲಿ ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳ ಹತ್ತಿರ ಹೋಗಿ ನಿಲ್ಲಿ. ಕಲ್ಲಿನ ಬಳ್ಳಿಗಳ ನಡುವೆ ಹಕ್ಕಿಗಳು ಸಿಗುತ್ತವೆ. ಪಕ್ಕದಲ್ಲೇ ಶೃಂಗಿತೀರ್ಥದ ಕಲ್ಯಾಣಿ, ಸುತ್ತಲೂ ಮೆಟ್ಟಿಲು. ಶಿವರಾತ್ರಿಗೆ ಹೋದರೆ ಜಾತ್ರೆ, ತೇರು.

ಅಲ್ಲಿಂದ ಮುದ್ದೇನಹಳ್ಳಿ ದೂರವೇನಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ 1861ರಲ್ಲಿ ಹುಟ್ಟಿದ ಊರು. ಅವರ ಮನೆಯೀಗ ವಸ್ತುಸಂಗ್ರಹಾಲಯ. ದಾರಿಯಲ್ಲಿ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ.