ಕಡಲಿಂದ ಕಡಲಿಗೆ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾವು ಚಿಕ್ಕಬಳ್ಳಾಪುರದವರು. ಇಬ್ಬರಿಗೂ ಐವತ್ತು ದಾಟಿದೆ. ಮಗಳು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದಾಳೆ. ಜೂನ್‌ನಲ್ಲಿ ಬಂದಾಗ ಅಲ್ಲಿನ 'ಸೀ ಟು ಸೀ' ದಾರಿಯಲ್ಲಿ ಸೈಕಲ್ ಹೊಡೆಯೋಣ ಅಂತಾಳೆ. ನಾವು ಪೇಟೆಗೆ ಹೋಗಿಬರಲು ಸೈಕಲ್ ತುಳಿಯುವವರು, ಅಷ್ಟೇ. ಆಗುತ್ತಾ?

ಖಂಡಿತ ಆಗುತ್ತೆ. ಆದರೆ ದಿನ ಜಾಸ್ತಿ ಇಟ್ಟುಕೊಳ್ಳಿ. ಇಂಗ್ಲೆಂಡಿನ ಪಶ್ಚಿಮ ಕಡಲಿಂದ ಪೂರ್ವ ಕಡಲಿಗೆ ಹೋಗುವ ಈ ದಾರಿ ಸುಮಾರು 225 ಕಿ.ಮೀ. ಹುರುಪಿನ ಹುಡುಗರು ಮೂರು ದಿನದಲ್ಲಿ ಮುಗಿಸುತ್ತಾರೆ, ನೀವು ಐದು ದಿನ ತಗೊಳ್ಳಿ, ಮಧ್ಯೆ ಕೆಸಿಕ್‌ನಲ್ಲಿ ಕೆರೆ ದಂಡೆ ಮೇಲೆ ಅರ್ಧ ದಿನ ಸುಮ್ನೆ ಕೂತರೂ ನಷ್ಟವಿಲ್ಲ. 1994ರಲ್ಲಿ ಶುರುವಾದ ದಾರಿ ಇದು. ಹಳ್ಳಿ ರಸ್ತೆ ಜಾಸ್ತಿ, ಜೊತೆಗೆ ರೈಲು ನಿಂತುಹೋಗಿ ಹಳಿ ಕಿತ್ತ ಹಾದಿಗಳು. ಅಲ್ಲೂ ವಾಹನ ಎಡಕ್ಕೇ ಓಡುತ್ತವೆ, ಆ ಗಾಬರಿ ಬೇಡ.

ಮುಖ್ಯವಾದ ಮಾತು ಒಂದಿದೆ. ಮಗಳ ಮನೆ ಪೂರ್ವದ ಕಡೆ ಇದೆ ಅಂತ ಅಲ್ಲಿಂದಲೇ ಹೊರಡಬೇಡಿ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತೆ. ಸೈಕಲ್ ಸಮೇತ ರೈಲಿನಲ್ಲಿ ಕಾರ್ಲೈಲ್ ಮೇಲೆ ವೈಟ್‌ಹೇವನ್‌ಗೆ ಹೋಗಿ (ಒಂದು ರೈಲಿನಲ್ಲಿ ಸೈಕಲ್‌ಗೆ ಜಾಗ ಕಡಿಮೆ, ಮೊದಲೇ ವಿಚಾರಿಸಿ), ಅಲ್ಲಿ ಐರಿಷ್ ಸಮುದ್ರಕ್ಕೆ ಹಿಂದಿನ ಚಕ್ರ ಅದ್ದಿ ಹೊರಡಿ. ಟೈನ್‌ಮೌತ್‌ನಲ್ಲಿ ಉತ್ತರ ಸಮುದ್ರಕ್ಕೆ ಮುಂದಿನ ಚಕ್ರ ಅದ್ದಿದರೆ ಮುಗೀತು, ಮಗಳ ಮನೆಯೂ ಅಲ್ಲಿಂದ ಹತ್ತಿರ.

ಎಲ್ಲರೂ ಹೆದರುವುದು ಪೆನ್ರಿತ್ ದಾಟಿದ ಮೇಲೆ ಸಿಗುವ ಹಾರ್ಟ್‌ಸೈಡ್ ಏರಿಗೆ. ಅದರ ನೆತ್ತಿ 580 ಮೀಟರ್. ನಿಮ್ಮ ಊರಿನ ಪಕ್ಕದ ನಂದಿಬೆಟ್ಟ 1,478 ಮೀಟರ್, ಏರೂ ಹಾರ್ಟ್‌ಸೈಡ್‌ಗಿಂತ ಕಡಿದು. ಏಪ್ರಿಲ್‌ನಿಂದ ವಾರಕ್ಕೊಮ್ಮೆ ನಂದಿ ಹತ್ತಿ, ಬೇಕಾದಷ್ಟು ಸಲ ನಿಂತು ಹತ್ತಿ, ಕಾಲು ಅದಕ್ಕೆ ಒಗ್ಗಿದರೆ ಹಾರ್ಟ್‌ಸೈಡ್ ನಿಮ್ಮನ್ನು ಸೋಲಿಸಲ್ಲ. ಸೋಲಿಸಿದರೆ ಗಾಳಿಯೇ ಸೋಲಿಸಬೇಕು. ಆ ಬೆಟ್ಟದ ಇಳಿಜಾರಿನಲ್ಲಿ ಈಶಾನ್ಯದಿಂದ ನುಗ್ಗುವ ಗಾಳಿಗೆ 'ಹೆಲ್ಮ್ ವಿಂಡ್' ಅಂತ ಸ್ವಂತ ಹೆಸರೇ ಇದೆ, ಅದು ಎದೆಗೇ ಹೊಡೆಯುತ್ತೆ. ಅವತ್ತು ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬಾಡಿಗೆ ಸೈಕಲ್ ಆರಿಸುವಾಗ ಹಿಂದಿನ ಅತಿ ದೊಡ್ಡ ಗೇರ್ ಚಕ್ರದ ಹಲ್ಲು ಮುಂದಿನ ಅತಿ ಚಿಕ್ಕದಕ್ಕಿಂತ ಜಾಸ್ತಿ ಇರಲಿ, ಮುಂದೆ 30, ಹಿಂದೆ 34 ಅನ್ನೋ ಥರ. ಜೂನ್ ಆದರೂ ಮಳೆ ಕೋಟು, ಬೆಚ್ಚನೆ ಕೈಗವಸು ಬಿಡಬೇಡಿ.

ಕೋಲಾರದಿಂದ ಒಬ್ಬರು: ಇಪ್ಪತ್ತು ಕಿಲೋಮೀಟರ್‌ಗೇ ಮಂಡಿ ನೋವು. ದಿನಗಟ್ಟಲೆ ಹೇಗೆ ಹೋಗಲಿ?

ಸೀಟು ತಗ್ಗಾಗಿರಬಹುದು. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ. ಹಾಗೂ ನೋವು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ತಡ ಮಾಡಬೇಡಿ.

ಮಧುಗಿರಿಯ ಕಾಲೇಜು ಹುಡುಗರು: ಇಂಗ್ಲೆಂಡಿಗೆ ಹೋಗೋಕೆ ದುಡ್ಡಿಲ್ಲ. ನಮ್ಮ ಕಡೆಯೇ ಕಡಲಿಂದ ಕಡಲಿಗೆ ಹೋಗಬಹುದಾ?

ನಿಮ್ಮ ಊರ ಮೇಲೇ ಹೋಗುತ್ತೆ ಆ ದಾರಿ! ಹಳೆಯ ರಾಷ್ಟ್ರೀಯ ಹೆದ್ದಾರಿ 234 ಮಂಗಳೂರಿನಿಂದ ಚಾರ್ಮಾಡಿ, ಬೇಲೂರು, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು ಹಾದು ವೆಲ್ಲೂರಿನ ಮೇಲೆ ವಿಲ್ಲುಪುರಂ ಸೇರುತ್ತಿತ್ತು. ಈಗ ಅದರ ತುಂಡುಗಳಿಗೆ ಬೇರೆ ಬೇರೆ ನಂಬರ್. ವಿಲ್ಲುಪುರಂನಿಂದ ಪುದುಚೇರಿ ಕಡಲು ನಲವತ್ತು ಕಿ.ಮೀ. ಆಸುಪಾಸು. ಒಟ್ಟು ಎಂಟು ನೂರು ಕಿ.ಮೀ. ಸುಮಾರು, ಬೆಂಗಳೂರಿನ ಟ್ರಾಫಿಕ್ ಮುಟ್ಟುವುದೇ ಬೇಡ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆ ಒಂದೇ ದಾರಿಯಲ್ಲಿ ಸಿಗುತ್ತವೆ. ಇಷ್ಟು ಒಳ್ಳೆಯ ದಾರಿ ಮನೆ ಬಾಗಿಲಲ್ಲಿದ್ದೂ ನಮ್ಮ ಹುಡುಗರು ತುಳಿಯುತ್ತಿಲ್ಲವಲ್ಲ ಅನ್ನೋದು ನನ್ನ ಬೇಸರ.

ಡಿಸೆಂಬರ್, ಜನವರಿಯಲ್ಲಿ ಪುದುಚೇರಿಯಿಂದ ಹೊರಡಿ. ಆಗ ಗಾಳಿ ಹೆಚ್ಚಾಗಿ ಪೂರ್ವದಿಂದ, ಅಂದರೆ ನಿಮ್ಮ ಬೆನ್ನಿಗೆ. ದಿನಕ್ಕೆ ಅರವತ್ತು ಎಪ್ಪತ್ತು ಕಿ.ಮೀ. ಸಾಕು, ಎರಡು ವಾರ ರಜೆ ಇಟ್ಟುಕೊಳ್ಳಿ. ಬೆಳಗ್ಗೆ ಆರಕ್ಕೇ ಹತ್ತಿ, ಹನ್ನೊಂದರೊಳಗೆ ಅಂದಿನ ದೂರ ಮುಗಿಸಿ. ಕತ್ತಲಾದ ಮೇಲೆ ಹೆದ್ದಾರಿ ಬೇಡವೇ ಬೇಡ. ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಮುಂದೆ ಹೋಗಬೇಡಿ.

ಕೊಟ್ಟಿಗೆಹಾರದ ನಂತರ ಚಾರ್ಮಾಡಿ ಘಾಟಿ ಪೂರ್ತಿ ಇಳಿಜಾರು, ತಿರುವುಗಳು ಬಿಗಿ. ಬ್ರೇಕ್ ಒಂದೇ ಸಮನೆ ಒತ್ತಿ ಹಿಡಿಯಬೇಡಿ, ಒತ್ತಿ ಬಿಟ್ಟು ಒತ್ತಿ. ಬೇಲೂರಿನಲ್ಲೇ ಬ್ರೇಕ್ ರಬ್ಬರ್ ನೋಡಿಸಿ, ಸವೆದಿದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ.